ಬೇಸ್ ರೇಡಿಯೋ ಕೂರಿಸುವ ಮುನ್ನ ಕೇಬಲ್ ನೋಡಿ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಸಿಕ್ಕವರು ಮನೆಯಲ್ಲಿ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಬೇಸ್ ಸ್ಟೇಷನ್, ಅಂದರೆ ಒಂದೇ ಕಡೆ ಕೂರಿಸುವ ರೇಡಿಯೋ, ಹಾಕುವಾಗ ರೇಡಿಯೋ ಮೇಲೆ ದುಡ್ಡು ಸುರಿದು ಆಂಟೆನಾಕ್ಕೆ ಹೋಗುವ ಕೇಬಲ್‌ನಲ್ಲಿ ಉಳಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 145 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ಆರ್‌ಜಿ-58 ಎಂಬ ತೆಳು ಕೇಬಲ್ ಹಾಕಿದರೆ 50 ವಾಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೇಬಲ್‌ನಲ್ಲೇ ಕರಗಿಹೋಗುತ್ತದೆ. ಎಲ್‌ಎಂಆರ್-400 ಎಂಬ ದಪ್ಪ ಕೇಬಲ್ ಆದರೆ ಸುಮಾರು 40 ವಾಟ್ ಆಂಟೆನಾ ತಲುಪುತ್ತದೆ. ಎಷ್ಟು ವ್ಯತ್ಯಾಸ ಅಲ್ವಾ?

ಮಹಡಿ ಮೇಲಿನ ಕನೆಕ್ಟರ್‌ಗೆ ನೀರು ಇಳಿಯದಂತೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪನ್ನು (ತನಗೆ ತಾನೇ ಅಂಟಿ ಒಂದಾಗುವ ರಬ್ಬರ್ ಟೇಪ್) ಎಳೆದು ಬಿಗಿಯಾಗಿ ಸುತ್ತಿ. ನಾನು ಸುಮ್ನೆ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಒಂದೇ ಮಳೆಗಾಲಕ್ಕೆ ಒಳಗಿನ ತಾಮ್ರದ ಜಾಲರಿ ಹಸಿರಾಗಿತ್ತು.

ಪವರ್ ಸಪ್ಲೈ 13.8 ವೋಲ್ಟ್, 20 ಆಂಪಿಯರ್ ಇರಲಿ. ಜೊತೆಗೊಂದು ಬ್ಯಾಟರಿ ಇದ್ದರೆ ಕರೆಂಟ್ ಹೋದಾಗಲೂ ಮಾತು ನಿಲ್ಲದು. ಹಿಂಬದಿಯ ಡೇಟಾ ಸಾಕೆಟ್ ಇರುವ ಸೆಟ್ಟನ್ನೇ ಆರಿಸಿ, ಮುಂದೆ ಕಂಪ್ಯೂಟರ್ ಜೋಡಿಸಿ ಎಪಿಆರ್‌ಎಸ್ (ಇರುವ ಜಾಗ, ಚಿಕ್ಕ ಸಂದೇಶಗಳನ್ನು ರೇಡಿಯೋದಲ್ಲೇ ಕಳಿಸುವ ವ್ಯವಸ್ಥೆ) ಮಾಡಬಹುದು.