ಲಕ್ಸೆಂಬರ್ಗ್, ಎಸ್ಟೋನಿಯಾ: ಉದ್ಯೋಗದ ಅಂಕಿಗಳನ್ನು ಹೋಲಿಸುವ ಬಗೆ

ಹೊಸೂರಿನಲ್ಲಿ ಮನೆ, ಬೊಮ್ಮಸಂದ್ರದಲ್ಲಿ ಕೆಲಸ. ಇಂಥವರನ್ನು ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆ ತಮಿಳುನಾಡಿನ ಲೆಕ್ಕಕ್ಕೆ ಹಾಕುತ್ತದೆ. ಕಾರ್ಖಾನೆಯ ಹಾಜರಿ ಪುಸ್ತಕ ಹಿಡಿದು ಎಣಿಸಿದರೆ ಅವರು ಕರ್ನಾಟಕದವರು. ಬೆಂಗಳೂರಿನ ಒಟ್ಟು ಲೆಕ್ಕದಲ್ಲಿ ಇದು ಅಂಚಿನ ವಿಷಯ. ಲಕ್ಸೆಂಬರ್ಗ್‌ನಲ್ಲಿ ಇದೇ ಮುಖ್ಯ ವಿಷಯ. ಅಲ್ಲಿನ ಸಂಬಳದ ನೌಕರರಲ್ಲಿ ಸುಮಾರು ಅರ್ಧದಷ್ಟು ಮಂದಿ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಗಡಿ ದಾಟಿ ಬಂದು ಸಂಜೆ ಮನೆಗೆ ಮರಳುವವರು.

ಹಾಗಾಗಿ ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿಯಾದ ಯೂರೋಸ್ಟಾಟ್‌ನ ತಾಣ ತೆರೆಯುವ ಮೊದಲೇ ಪ್ರಶ್ನೆಯನ್ನು ನಿಗದಿ ಮಾಡಿಕೊಳ್ಳಿ. ಅಲ್ಲಿ ವಾಸಿಸುವವರಲ್ಲಿ ಎಷ್ಟು ಜನರಿಗೆ ಕೆಲಸವಿದೆ ಎಂಬುದು ಪ್ರಶ್ನೆಯಾದರೆ ಕಾರ್ಮಿಕ ಬಲ ಸಮೀಕ್ಷೆ ಬೇಕು. ಆ ದೇಶದ ನೆಲದಲ್ಲಿ ಎಷ್ಟು ಜನ ದುಡಿಯುತ್ತಾರೆ ಎಂಬುದಾದರೆ ರಾಷ್ಟ್ರೀಯ ಲೆಕ್ಕಪತ್ರಗಳ 'ಡೊಮೆಸ್ಟಿಕ್ ಕಾನ್ಸೆಪ್ಟ್' ಸಾಲು ಬೇಕು. ಎರಡನ್ನೂ ಬೆರೆಸಿ, ನೆಲದ ಲೆಕ್ಕವನ್ನು ದುಡಿಯುವ ವಯಸ್ಸಿನ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ಲಕ್ಸೆಂಬರ್ಗ್‌ನ ಉದ್ಯೋಗ ದರ ಶೇ. 100ನ್ನೇ ದಾಟಿಬಿಡುತ್ತದೆ. ಎಸ್ಟೋನಿಯಾದಲ್ಲಿ ಪರಿಸ್ಥಿತಿ ತಿರುಗುಮುರುಗು: ಮನೆ ಅಲ್ಲೇ ಇಟ್ಟುಕೊಂಡು ಫಿನ್ಲೆಂಡ್‌ಗೆ ದುಡಿಯಲು ಹೋಗುವವರಿದ್ದಾರೆ.

ನಿವಾಸಿಗಳ ಪ್ರಶ್ನೆಯನ್ನೇ ಹಿಡಿದು ಮುಂದೆ ಹೋಗೋಣ. ಯೂರೋಸ್ಟಾಟ್‌ನಲ್ಲಿ ವಯಸ್ಸು, ಲಿಂಗಕ್ಕೆ ಅನುಸಾರವಾದ ವಾರ್ಷಿಕ ಉದ್ಯೋಗ ಕೋಷ್ಟಕ ತೆಗೆದು, 20–64 ವಯಸ್ಸು, ಒಟ್ಟು ಲಿಂಗ ಎಂದು ಆರಿಸಿ. ಸಾವಿರಗಳ ಲೆಕ್ಕ, ಶೇಕಡಾವಾರು ಎರಡನ್ನೂ ಇಳಿಸಿಕೊಳ್ಳಿ. 2030ರೊಳಗೆ ಶೇ. 78 ಎಂಬ ಐರೋಪ್ಯ ಒಕ್ಕೂಟದ ಗುರಿ ಇರುವುದು ಇದೇ ವಯೋಮಾನಕ್ಕೆ. 15–64ರ ಅಂಕಿಯಲ್ಲಿ ಓದುತ್ತಿರುವ ಹುಡುಗರೂ ಸೇರುವುದರಿಂದ ದರ ಕೆಳಗಿಳಿಯುತ್ತದೆ. ಎರಡೂ ಒಂದೇ ಚಿತ್ರದಲ್ಲಿ ಇರಕೂಡದು.

ಐರೋಪ್ಯ ಲೆಕ್ಕದಲ್ಲಿ, ಸಮೀಕ್ಷೆಯ ವಾರದಲ್ಲಿ ಕೂಲಿ ಅಥವಾ ಲಾಭಕ್ಕಾಗಿ 1 ಗಂಟೆ ದುಡಿದರೂ ಉದ್ಯೋಗಿಯೇ. ನಮ್ಮ ದೇಶದ ಕಾರ್ಮಿಕ ಬಲ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್‌ನಲ್ಲಿ ಇದಕ್ಕೆ ಹತ್ತಿರವಾದದ್ದು ಪ್ರಸ್ತುತ ವಾರದ ಸ್ಥಿತಿ. ಪಕ್ಕದಲ್ಲಿ ಕರ್ನಾಟಕದ ಅಂಕಿ ಇಡುವುದಾದರೆ ಅದನ್ನೇ ಇಡಿ. 'ಸಾಮಾನ್ಯ ಸ್ಥಿತಿ'ಯ ಅಂಕಿ ಒಂದು ವರ್ಷವನ್ನು ನೋಡುವಂಥದ್ದು.

ಹೆಚ್ಚು ಜನ ಎಡವುವುದು 2021ರಲ್ಲಿ. ಆ ವರ್ಷ ಸಮೀಕ್ಷೆಯ ಹೊಸ ನಿಯಮ ಬಂತು. ಉದ್ಯೋಗಕ್ಕೆ ಸಂಬಂಧಿಸಿದ ಭತ್ಯೆ ಸಿಗುವ ಪೋಷಕರ ರಜೆಯಲ್ಲಿದ್ದವರು ಉದ್ಯೋಗಿಗಳಾದರು; ಮುಖ್ಯವಾಗಿ ಮನೆ ಬಳಕೆಗಷ್ಟೇ ಬೆಳೆಯುವ ಕೃಷಿಕರು ಪಟ್ಟಿಯಿಂದ ಹೊರಬಿದ್ದರು. ಮಗುವಿಗಾಗಿ ದೀರ್ಘ ರಜೆ ಕೊಡುವ ಎಸ್ಟೋನಿಯಾದಲ್ಲಿ ಯುವತಿಯರ ಸಾಲನ್ನು ವಿಶೇಷವಾಗಿ ಗಮನಿಸಿ. ನಿಯಮದಿಂದ ಬಂದ ಜಿಗಿತವನ್ನು ಕೋವಿಡ್ ನಂತರದ ಚೇತರಿಕೆ ಎಂದು ಬರೆದರೆ ಇಡೀ ವರದಿ ಬಿದ್ದುಹೋಗುತ್ತದೆ. ಇಳಿಸಿಕೊಳ್ಳುವಾಗ ಟಿಪ್ಪಣಿ ಗುರುತುಗಳನ್ನು ಉಳಿಸಿಕೊಳ್ಳಿ: 'ಬಿ' ಎಂದರೆ ಸರಣಿ ಅಲ್ಲಿ ಮುರಿದಿದೆ, 'ಯು' ಎಂದರೆ ಅಂಕಿ ಅಷ್ಟು ನಂಬಲರ್ಹವಲ್ಲ. ಹಳೆಯ ಕೋಷ್ಟಕದ ಬಾಲಕ್ಕೆ ಹೊಸದರ ತಲೆ ಅಂಟಿಸಬೇಡಿ. ಜೋಡಿಸಲೇಬೇಕಾದರೆ, ಎರಡರಲ್ಲೂ ಇರುವ ವರ್ಷಗಳನ್ನು ಹುಡುಕಿ, ಹೊಸ ಅಂಕಿಯನ್ನು ಹಳೆಯದರಿಂದ ಭಾಗಿಸಿ, ಬಂದ ಅನುಪಾತದಿಂದ ಹಳೆಯ ಸಾಲನ್ನೆಲ್ಲ ಗುಣಿಸಿ.

ಇನ್ನು ಸೂಚ್ಯಂಕ, ಅಂದರೆ ಒಂದು ವರ್ಷವನ್ನು ಆಧಾರವಾಗಿ ಆರಿಸಿ, ಅದನ್ನು 100 ಎಂದಿಟ್ಟು ಉಳಿದ ವರ್ಷಗಳನ್ನು ಅಳೆಯುವುದು. ಪ್ರತಿ ವರ್ಷದ ಅಂಕಿಯನ್ನು ಆಧಾರ ವರ್ಷದ ಅಂಕಿಯಿಂದ ಭಾಗಿಸಿ 100ರಿಂದ ಗುಣಿಸಿ. ಲೆಕ್ಕ ಸುಲಭ, ವರ್ಷದ ಆಯ್ಕೆ ಕಷ್ಟ. 2009ರಲ್ಲಿ ಎಸ್ಟೋನಿಯಾದ ಜಿಡಿಪಿ ಸುಮಾರು ಶೇ. 14ರಷ್ಟು ಕುಸಿಯಿತು; 2010ರ ಆರಂಭದಲ್ಲಿ ನಿರುದ್ಯೋಗ ಶೇ. 20ರ ಹತ್ತಿರ ಹೋಯಿತು. 2010ನ್ನು ಆಧಾರವಾಗಿಟ್ಟರೆ ಆಮೇಲಿನ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2007ನ್ನು ಇಟ್ಟರೆ ಅಲ್ಲಿಂದ ಆಚೆಗೆಲ್ಲ ಸೊರಗಿದಂತೆ ಕಾಣುತ್ತದೆ. ಎರಡು ಆಧಾರಗಳಲ್ಲೂ ಚಿತ್ರ ಬರೆದು, ಎರಡರಲ್ಲೂ ನಿಲ್ಲುವ ಮಾತನ್ನಷ್ಟೇ ಹೇಳಿ.

ಒಟ್ಟು ಸಂಖ್ಯೆಯ ಏರಿಕೆಯನ್ನು ಒಡೆದು ನೋಡುವುದು ನಮ್ಮ ದೃಷ್ಟಿಯಲ್ಲಿ ಬಿಡಲಾಗದ ಹಂತ. 2000ದಲ್ಲಿ ಸುಮಾರು 4.3 ಲಕ್ಷವಿದ್ದ ಲಕ್ಸೆಂಬರ್ಗ್ ಜನಸಂಖ್ಯೆ 2024ಕ್ಕೆ 6.7 ಲಕ್ಷ ದಾಟಿತು. ಎಸ್ಟೋನಿಯಾ 14 ಲಕ್ಷದಿಂದ 13.7 ಲಕ್ಷಕ್ಕೆ ಬಂತು. ಉದ್ಯೋಗಿಗಳು ಎಂದರೆ ಅದೇ ವಯೋಮಾನದ ಜನಸಂಖ್ಯೆ ಗುಣಿಸು ಉದ್ಯೋಗ ದರ. ಎಕ್ಸೆಲ್‌ನಲ್ಲಿ ಮೂರಕ್ಕೂ ಕೊನೆಯ ವರ್ಷವನ್ನು ಮೊದಲ ವರ್ಷದಿಂದ ಭಾಗಿಸಿ ಸ್ವಾಭಾವಿಕ ಲಾಗ್ ತೆಗೆಯಿರಿ. ಜನಸಂಖ್ಯೆ, ದರಗಳ ಲಾಗ್ ಕೂಡಿದರೆ ಉದ್ಯೋಗಿಗಳ ಲಾಗ್ ಬರಬೇಕು. ಬರಲಿಲ್ಲವೆಂದರೆ ಎಲ್ಲೋ ವಯೋಮಾನ ಬೆರೆತಿದೆ.

ದರ 70ರಿಂದ 77ಕ್ಕೆ ಏರಿದರೆ ಅದು 7 ಶೇಕಡಾ ಅಂಶ, ಆದರೆ ಶೇ. 10ರ ಏರಿಕೆ. ಸಣ್ಣ ದೇಶಗಳಲ್ಲಿ ಸಮೀಕ್ಷೆಗೆ ಆರಿಸುವ ಮಾದರಿಯೂ ಸಣ್ಣದು. ಅರ್ಧ ಅಂಶದ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ. ತ್ರೈಮಾಸಿಕವಾದರೆ ಜುಲೈ–ಸೆಪ್ಟೆಂಬರನ್ನು ಹಿಂದಿನ ವರ್ಷದ ಜುಲೈ–ಸೆಪ್ಟೆಂಬರ್ ಜೊತೆಗೇ ಹೋಲಿಸಿ.

ಯೂರೋಸ್ಟಾಟ್ ಅಂಕಿಗಳನ್ನು ಹೊಸದಾಗಿಸುವುದು ಅಲ್ಲಿನ ಬೆಳಿಗ್ಗೆ 11ಕ್ಕೆ ಮತ್ತು ರಾತ್ರಿ 11ಕ್ಕೆ. ಬೆಳಗಿನದು ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ 3.30, ಬೇಸಿಗೆಯಲ್ಲಿ 2.30. ಹಳೆಯ ವರ್ಷಗಳ ಅಂಕಿಗಳನ್ನೂ ತಿದ್ದುತ್ತಾರೆ, ಆದ್ದರಿಂದ ಫೈಲ್‌ನ ಹೆಸರಿನಲ್ಲೇ ಇಳಿಸಿಕೊಂಡ ದಿನಾಂಕ ಬರೆದಿಡಿ.