ಓದಿದ ಕಥೆ, ನೋಡಿದ ಕಥೆ: ಮಗುವಿನ ಜೊತೆ ಕೂತು ತಾಳೆ ನೋಡುವ ಬಗೆ

ಒಂದೇ ಕಥೆಯನ್ನು ಓದಿಯೂ ನೋಡಿಯೂ ಮುಗಿಸಿದ ಮಗುವನ್ನು ದೊಡ್ಡವರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಯಾವುದು ಚೆನ್ನಾಗಿತ್ತು?" ಮಗು "ಟಿವಿ" ಅನ್ನುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು "ಇದು ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿ. ಪುಸ್ತಕ ಪದಗಳಿಂದ ತಿಳಿಸುತ್ತದೆ, ಟಿವಿ ಮುಖ, ಬೆಳಕು, ಸದ್ದುಗಳಿಂದ ತಿಳಿಸುತ್ತದೆ. ಮಗು ಇದನ್ನು ತಾನಾಗಿ ಕಂಡುಕೊಂಡರೆ ಹೋಲಿಕೆ ಶುರುವಾದಂತೆ.

ಚಿಕ್ಕದರಿಂದ ಶುರುಮಾಡಿ

ಮೊದಲ ಸಲಕ್ಕೆ 32 ಪುಟದ ಚಿತ್ರಪುಸ್ತಕ, ಅದೇ ಕಥೆಯ 10ರಿಂದ 25 ನಿಮಿಷದ ಕಂತು ಸಾಕು. ಇನ್ನೂರು ಪುಟದ ಕಾದಂಬರಿ, ಎರಡು ಗಂಟೆಯ ಸಿನಿಮಾ ಹಿಡಿದರೆ ಕೊನೆಗೆ ಬರುವಷ್ಟರಲ್ಲಿ ಮಗುವಿಗೆ ಮೊದಲು ಓದಿದ್ದು ಮರೆತಿರುತ್ತದೆ. ಸಾಧ್ಯವಾದರೆ ಎರಡೂ ಒಂದೇ ಭಾಷೆಯಲ್ಲಿರಲಿ. ಡಬ್ಬಿಂಗ್‌ನಲ್ಲಿ ತುಟಿಯ ಚಲನೆಗೆ ಹೊಂದಿಸಲು ಮಾತು ಬದಲಿಸಿರುತ್ತಾರೆ. ಮಗು ಅದನ್ನೂ ಕಥೆಯ ಬದಲಾವಣೆ ಅಂದುಕೊಳ್ಳುತ್ತದೆ.

ಆದಷ್ಟೂ ಪುಸ್ತಕವೇ ಮೊದಲು. ತೆರೆಯ ಮೇಲೆ ಒಮ್ಮೆ ನೋಡಿದ ಮುಖ ಮನಸ್ಸಿನಿಂದ ಸುಲಭವಾಗಿ ಹೋಗುವುದಿಲ್ಲ, ಆಮೇಲೆ ಓದುವಾಗಲೂ ಅದೇ ಮುಖ ಬಂದು ನಿಲ್ಲುತ್ತದೆ. ಚಿತ್ರವಿಲ್ಲದ ಪುಸ್ತಕವಾದರೆ ಓದಿದ ಕೂಡಲೇ ಮುಖ್ಯ ಪಾತ್ರದ ಚಿತ್ರವನ್ನು ಐದು ನಿಮಿಷದಲ್ಲಿ ಬರೆದುಕೊಡಲು ಹೇಳಿ, ಆ ಹಾಳೆ ಎತ್ತಿಡಿ. ಮರುದಿನ ಟಿವಿ ನೋಡಿದ ಮೇಲೆ ಅದೇ ಹಾಳೆ ಮಾತಿಗೆ ದಾರಿ ಮಾಡಿಕೊಡುತ್ತದೆ. ಓದು ಅಂದರೆ ಮುಖ ತಿರುಗಿಸುವ ಮಗುವಾದರೆ ಈ ಕ್ರಮಕ್ಕೆ ಅಂಟಿಕೊಳ್ಳಬೇಡಿ. ಮೊದಲ ಐದು ನಿಮಿಷ ಟಿವಿ ತೋರಿಸಿ, ಕುತೂಹಲ ಕೆರಳಿದಾಗ ನಿಲ್ಲಿಸಿ, ಮುಂದಿನದನ್ನು ನೀವೇ ಓದಿ ಹೇಳಿ.

ಒಂದೇ ದೃಶ್ಯ, ಮೂರು ಸುತ್ತು

ಇಡೀ ಕಥೆ ಹೋಲಿಸಲು ಹೋಗಬೇಡಿ. ಎರಡು ಮೂರು ನಿಮಿಷದ ಒಂದು ದೃಶ್ಯ ಆರಿಸಿ. ಪಾತ್ರ ಮನಸ್ಸಿನಲ್ಲಿ ಏನನ್ನೋ ಮುಚ್ಚಿಟ್ಟುಕೊಂಡಿರುವ ಜಾಗ ಇದಕ್ಕೆ ತುಂಬಾ ಒಳ್ಳೆಯದು. ನೀವು ಮೊದಲೇ ನೋಡಿ, ಅದು ಎಷ್ಟನೇ ನಿಮಿಷದಲ್ಲಿ ಬರುತ್ತದೆಂದು ಬರೆದಿಟ್ಟುಕೊಳ್ಳಿ. ಮಗು ಕಾಯುತ್ತಿರುವಾಗ ರಿಮೋಟ್ ಹಿಡಿದು ಹುಡುಕುತ್ತಾ ಕೂತರೆ ಉತ್ಸಾಹವೇ ಇಳಿದುಹೋಗುತ್ತದೆ.

ಮೊದಲು ಪುಸ್ತಕದ ಆ ಭಾಗವನ್ನು ಗಟ್ಟಿಯಾಗಿ ಓದಿ. ಆಮೇಲೆ ಅದೇ ದೃಶ್ಯವನ್ನು ಸದ್ದಿಲ್ಲದೆ ತೋರಿಸಿ. ಕೊನೆಗೆ ಸದ್ದಿನೊಂದಿಗೆ.

ಒಂದು ಉದಾಹರಣೆ. ಹುಡುಗನೊಬ್ಬ ದೀಪ ಒಡೆದು ಚೂರನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದಾನೆ. ಪುಸ್ತಕದಲ್ಲಿ ಒಂದು ಸಾಲು: "ಅಜ್ಜಿಯ ಹೆಜ್ಜೆ ಸಪ್ಪಳ ಕೇಳಿ ಅವನ ಎದೆ ಧಸಕ್ಕೆಂದಿತು." ಸದ್ದಿಲ್ಲದ ದೃಶ್ಯದಲ್ಲಿ ಬಾಗಿಲ ಕೆಳಗೆ ಸರಿಯುವ ನೆರಳು, ಬಿಗಿಯುವ ಮುಷ್ಟಿ ಮಾತ್ರ ಕಾಣುತ್ತದೆ. ಇಲ್ಲಿ ನಿಲ್ಲಿಸಿ ಕೇಳಿ: "ಇವನಿಗೆ ಈಗ ಏನನ್ನಿಸ್ತಿದೆ? ಹೇಗೆ ಗೊತ್ತಾಯ್ತು?" ಮಗು ಮುಷ್ಟಿಯನ್ನು ತೋರಿಸುತ್ತದೆ. ಸದ್ದು ಹಾಕಿದ ಮೇಲೆ ಡೋಲಿನ ಬಡಿತ ಕೇಳಿಸುತ್ತದೆ. ಪುಸ್ತಕದಲ್ಲಿ ಎದೆ ಹೊಡೆದುಕೊಂಡಿತ್ತು, ಇಲ್ಲಿ ಅದೇ ಕೆಲಸವನ್ನು ಡೋಲು ಮಾಡುತ್ತಿದೆ ಎಂಬುದನ್ನು ನೀವು ಹೇಳಿಕೊಡಬೇಡಿ. ಹತ್ತು ಸೆಕೆಂಡ್ ಸುಮ್ಮನಿರಿ, ಬಹಳ ಮಕ್ಕಳು ತಾವೇ ಹೇಳುತ್ತಾರೆ.

"ಗೊತ್ತಿಲ್ಲ" ಅಂದರೆ ಎರಡು ಉತ್ತರ ಮುಂದಿಡಿ: "ಹೆದರಿದಾನಾ, ಸಿಟ್ಟು ಬಂದಿದೆಯಾ?" ಆರಿಸುವುದು ಹುಡುಕುವುದಕ್ಕಿಂತ ಸುಲಭ.

ಬದಲಾವಣೆ ಕಂಡಾಗ

ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿ: ಪುಸ್ತಕದಲ್ಲಿ ಮಾತ್ರ, ಟಿವಿಯಲ್ಲಿ ಮಾತ್ರ, ಎರಡರಲ್ಲೂ. ಅಂಕಣಕ್ಕೆ ಮೂರು ನಾಲ್ಕು ಸಾಲು ಸಾಕು. ಇಲ್ಲಿ ಹೆಚ್ಚಾಗಿ ಆಗುವ ತಪ್ಪು, ಅಂಗಿಯ ಬಣ್ಣ, ನಾಯಿಯ ಬಾಲ ಎಂದು ಪಟ್ಟಿ ಬೆಳೆಯುತ್ತಾ ಹೋಗುವುದು. ತಡೆಯಬೇಡಿ, ಬರೆದು ಮುಗಿದ ಮೇಲೆ ಒಂದೊಂದಕ್ಕೂ ಕೇಳಿ, "ಇದು ಬದಲಾಗಿದ್ದರಿಂದ ಕಥೆ ಬೇರೆ ಕಡೆ ತಿರುಗಿತಾ?" ತಿರುಗಿದ್ದಕ್ಕೆ ಮಗುವೇ ನಕ್ಷತ್ರ ಹಾಕಲಿ.

ಈ ವ್ಯತ್ಯಾಸ ನಿಮಗೇ ಸ್ಪಷ್ಟವಾಗಲು ಎರಡು ಪ್ರಸಿದ್ಧ ಕಥೆಗಳನ್ನು ನೋಡಿ. 1900ರಲ್ಲಿ ಬಂದ ಆಜ್ ಎಂಬ ನಾಡಿನ ಮಾಂತ್ರಿಕನ ಪುಸ್ತಕದಲ್ಲಿ ಕಥಾನಾಯಕಿ ಡೊರೊಥಿಯ ಬೂಟುಗಳು ಬೆಳ್ಳಿಯವು. 1939ರ ಸಿನಿಮಾದಲ್ಲಿ ಅವು ಮಾಣಿಕ್ಯದಂತೆ ಕೆಂಪಾದವು, ಯಾಕೆಂದರೆ ಟೆಕ್ನಿಕಲರ್ ಎಂಬ ಬಣ್ಣದ ಸಿನಿಮಾ ತಂತ್ರದಲ್ಲಿ ತೆರೆಯ ಮೇಲೆ ಕೆಂಪು ಎದ್ದು ಕಾಣುತ್ತದೆ. ಕಥೆ ಅಷ್ಟೇನೂ ಅಲುಗಲಿಲ್ಲ. 1894ರ ಜಂಗಲ್ ಬುಕ್‌ನಲ್ಲಿ ಕಾ ಎಂಬ ಹೆಬ್ಬಾವು ಮಂಗಗಳ ಕೈಯಿಂದ ಮೋಗ್ಲಿಯನ್ನು ಬಿಡಿಸಲು ಬರುತ್ತದೆ. 1967ರ ಕಾರ್ಟೂನ್ ಸಿನಿಮಾದಲ್ಲಿ ಅದೇ ಕಾ ಅವನನ್ನು ನುಂಗಲು ಹೊಂಚುಹಾಕುತ್ತದೆ. ಇಲ್ಲಿ ನಕ್ಷತ್ರ ಬೀಳಲೇಬೇಕು: ನಂಬಬಹುದಾಗಿದ್ದ ಜೀವ ಹೆದರಬೇಕಾದ ಜೀವವಾಯಿತು.

"ಟಿವಿಯವರು ತಪ್ಪು ಮಾಡಿದಾರೆ" ಎಂದು ಮಗು ಸಿಟ್ಟಾದರೆ ಒಳ್ಳೆಯದೇ, ಪುಸ್ತಕವನ್ನು ಅದು ಗಂಭೀರವಾಗಿ ತೆಗೆದುಕೊಂಡಿದೆ. "ಅವರು ಯಾಕೆ ಹಾಗೆ ಮಾಡಿರಬಹುದು?" ಎಂದು ಮುಂದಕ್ಕೆ ನಡೆಸಿ. ಸಮಯ ಸಾಲದೆ ಬಿಟ್ಟಿರಬಹುದು. ಮನಸ್ಸಿನ ಮಾತನ್ನು ತೋರಿಸಲಾಗದೆ ಹೊಸ ಗೆಳೆಯನನ್ನು ತಂದಿರಬಹುದು, ಪಾತ್ರ ಅವನ ಹತ್ತಿರ ಬಾಯಿಬಿಟ್ಟು ಹೇಳಲಿ ಎಂದು.

ಐದಾರು ವರ್ಷದವರಿಗೆ "ಏನು ಒಂದೇ, ಏನು ಬೇರೆ" ಅಷ್ಟೇ ಸಾಕು. ಏಳೆಂಟು ದಾಟಿದವರು ಮೂರು ಅಂಕಣ ನಿಭಾಯಿಸುತ್ತಾರೆ. ಹತ್ತರ ಮೇಲಿನವರಿಗೆ "ಈ ಕಥೆಯನ್ನು ಯಾರ ಕಣ್ಣಿನಿಂದ ನೋಡ್ತಿದೀವಿ?" ಎಂಬ ಪ್ರಶ್ನೆ ಹಿಡಿಸುತ್ತದೆ. ಯಾರಿಗೇ ಆಗಲಿ, ಮಾತು ಹದಿನೈದು ನಿಮಿಷ ದಾಟದಿರಲಿ, ದಾಟಿದರೆ ಪರೀಕ್ಷೆಯಂತಾಗುತ್ತದೆ. ಪುಸ್ತಕವೇ ಮೇಲು ಎಂಬ ನಿಮ್ಮ ತೀರ್ಪನ್ನೂ ಹೇಳಬೇಡಿ. ಹೇಳಿದರೆ ಮಗು ನಿಮ್ಮನ್ನು ಮೆಚ್ಚಿಸುವ ಉತ್ತರವನ್ನೇ ಹುಡುಕುತ್ತದೆ.

ಇಷ್ಟೂ ಆದಮೇಲೆ, ಇನ್ನೊಂದು ದಿನ, ಟಿವಿಯಲ್ಲಿ ಬಾರದ ಒಂದು ಪುಟ ಆರಿಸಿ ಆರು ಚೌಕ ಹಾಕಿಕೊಡಿ. ಆ ಪುಟವನ್ನು ಮಗು ಟಿವಿಗೆಂದು ಚಿತ್ರಿಸಲಿ. ಮಾತು ಬರೆಯುವಂತಿಲ್ಲ. "ಅವಳಿಗೆ ಅಮ್ಮನ ನೆನಪಾಯಿತು" ಎಂಬ ಸಾಲು ಬಂದಾಗ ಪೆನ್ಸಿಲ್ ನಿಲ್ಲುತ್ತದೆ. ನೀವೂ ಪಕ್ಕದಲ್ಲಿ ಸುಮ್ಮನೆ ಕೂತಿರಿ.