ಬಚ್ಚಲಿಗೆ ಕೂಪನ್, ಅಡುಗೆಮನೆಗೆ ರೇಟ್ ಪುಸ್ತಕ

ಮಂಗಳೂರು, ಉಡುಪಿ ಕಡೆಯ ಮನೆಯ ತಿಂಗಳ ಸಾಮಾನಿನ ಚೀಟಿ ಬಿಡಿಸಿ ನೋಡಿದರೆ ದುಡ್ಡಿನ ದೊಡ್ಡ ಪಾಲು ಹೋಗುವುದು ಕುಚ್ಚಲಕ್ಕಿ, ತೆಂಗಿನಕಾಯಿ, ತೆಂಗಿನೆಣ್ಣೆ, ಮೀನು, ತರಕಾರಿ, ಹಾಲಿಗೆ. ಇವಕ್ಕೆ ಕೂಪನ್ ಹೆಚ್ಚುಕಡಿಮೆ ನಡೆಯುವುದೇ ಇಲ್ಲ. ಆಪ್‌ನ ಕೂಪನ್ ಕೆಳಗೆ ಸಣ್ಣಕ್ಷರದಲ್ಲಿರುವ ‘ಅನ್ವಯಿಸುವುದಿಲ್ಲ’ ಪಟ್ಟಿ ತೆರೆದರೆ ಅಕ್ಕಿ, ಎಣ್ಣೆ, ಸಕ್ಕರೆ, ಹಾಲು ಸಾಮಾನ್ಯವಾಗಿ ಅಲ್ಲೇ ಕೂತಿರುತ್ತವೆ. ಕೂಪನ್ ನಡೆಯುವುದು ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್, ಫಿನಾಯಿಲ್, ಸಾಬೂನು, ಶಾಂಪೂ, ಟೂತ್‌ಪೇಸ್ಟ್, ಪ್ಯಾಡ್, ಡೈಪರ್, ಚಹಾಪುಡಿ, ಬಿಸ್ಕತ್ತು, ಮಸಾಲೆ ಪ್ಯಾಕೆಟ್ಟುಗಳಿಗೆ. ತಿಂಗಳಿಗೆ 9,000 ರೂಪಾಯಿ ಸಾಮಾನು ತರುವ ಮನೆಯಲ್ಲಿ ಈ ಗುಂಪಿಗೆ 2,500 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ. 15ರಿಂದ 20 ಇಳಿದರೆ ಕೈಗೆ ಉಳಿಯುವುದು 375ರಿಂದ 500 ರೂಪಾಯಿ. ಬಿಲ್ಲನ್ನು ಅರ್ಧಕ್ಕಿಳಿಸಿ ತೋರಿಸುವ ಅಮೆರಿಕದ ವಿಡಿಯೊಗಳಲ್ಲಿ ತಯಾರಕರ ಕೂಪನ್ ಮೇಲೆ ಅಂಗಡಿಯ ಕೂಪನ್ ಸೇರಿಸುವ ಪದ್ಧತಿ ಉಂಟು. ನಮ್ಮಲ್ಲಿ ಒಂದು ಆರ್ಡರಿಗೆ ಸಾಮಾನ್ಯವಾಗಿ ಒಂದೇ ಕೋಡ್.

ಹಾಗಾಗಿ ನಾನು ಕೂಪನ್ ಹುಡುಕುವ ಮೊದಲು ನೋಡುವುದು ರೇಟ್ ಪುಸ್ತಕ. ನೂರು ಪುಟದ ನೋಟ್ ಪುಸ್ತಕ ಸಾಕು. ಒಂದು ಸಾಮಾನಿಗೆ ಒಂದು ಪುಟ. ತಾರೀಕು, ಅಂಗಡಿ, ಪ್ಯಾಕಿನ ತೂಕ, ಕೊಟ್ಟ ಹಣ, ಕಿಲೋ ಅಥವಾ ಲೀಟರಿಗೆ ಬಿದ್ದ ದರ. ಎಲ್ಲ ಸಾಮಾನೂ ಬೇಡ, ಪ್ರತಿ ತಿಂಗಳು ತರುವ 30–40 ಐಟಂ ಸಾಕು. ಮೂರು ತಿಂಗಳು ಬರೆದರೆ ಪ್ರತಿ ಪುಟದಲ್ಲೂ ಒಂದು ಕನಿಷ್ಠ ದರ ಕಾಣುತ್ತದೆ, ಅದಕ್ಕೆ ಕೆಂಪು ಗೆರೆ ಎಳೆದಿಡುವುದು. ಯಾವ ಆಫರ್ ಬಂದರೂ ಕೇಳಬೇಕಾದ ಪ್ರಶ್ನೆ ಆಮೇಲೆ ಒಂದೇ: ಕೂಪನ್ ಕಳೆದ ಮೇಲಿನ ದರ ಆ ಗೆರೆಗಿಂತ ಕೆಳಗೆ ಉಂಟಾ?

ಕಿಲೋ ಲೆಕ್ಕಕ್ಕೆ ತರುವುದು ಯಾಕೆಂದರೆ ಮೋಸ ಹೋಗುವುದು ಅಲ್ಲೇ. ಪ್ಯಾಕುಗಳಿಗೆ ಇಂತಿಷ್ಟೇ ತೂಕ ಇರಬೇಕೆಂಬ ನಿಯಮವನ್ನು 2022ರಲ್ಲಿ ತೆಗೆದುಹಾಕಿದ ಮೇಲೆ ಅಂಗಡಿಯಲ್ಲಿ 850 ಗ್ರಾಂ ಮತ್ತು 910 ಗ್ರಾಂ ಎಣ್ಣೆಯ ಪೌಚುಗಳು ಪಕ್ಕಪಕ್ಕದಲ್ಲಿ ಇರುತ್ತವೆ, ಕಣ್ಣಿಗೆ ಎರಡೂ ‘ಒಂದು ಲೀಟರ್’. 850 ಗ್ರಾಂ ಪೌಚಿಗೆ 140, 910 ಗ್ರಾಂ ಪೌಚಿಗೆ 146 ಎಂದಿದ್ದರೆ ಮೊದಲನೆಯದು ಕಿಲೋಗೆ ಸುಮಾರು 165, ಎರಡನೆಯದು 160. ತೆಂಗಿನೆಣ್ಣೆಯಲ್ಲಿ ಇನ್ನೊಂದು ತಿರುವು: ಗಾಣದವರು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಬಾಟಲಿ ಬರುವುದು ಲೀಟರ್ ಲೆಕ್ಕದಲ್ಲಿ. ಒಂದು ಲೀಟರ್ ತೆಂಗಿನೆಣ್ಣೆ ಸುಮಾರು 910 ಗ್ರಾಂ ಮಾತ್ರ. ಗಾಣದಲ್ಲಿ ಕಿಲೋಗೆ 400, ಆಪ್‌ನಲ್ಲಿ ಕೂಪನ್ ಕಳೆದು ಲೀಟರಿಗೆ 380 ಎಂದಾದರೆ ಬಾಟಲಿಯ ದರ ಕಿಲೋಗೆ 417 ದಾಟುತ್ತದೆ. ಪ್ಯಾಕಿನ ಮೇಲೆ ಎಂಆರ್‌ಪಿಯ ಹತ್ತಿರವೇ ಯೂನಿಟ್ ದರವೂ ಅಚ್ಚಾಗಿರುತ್ತದೆ. ಒಂದು ಕಿಲೋಗಿಂತ ಕಡಿಮೆ ಇರುವುದಕ್ಕೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕಿಲೋ ಲೆಕ್ಕ. ಗ್ರಾಂಗೆ 0.24 ಎಂದಿದ್ದರೆ ಕಿಲೋಗೆ 240. ಆದರೆ ಅದು ಎಂಆರ್‌ಪಿಯ ಮೇಲಿನ ಲೆಕ್ಕ, ನಾವು ಕೊಡುವ ಹಣದ ಮೇಲಿನದ್ದಲ್ಲ.

ಎಂಆರ್‌ಪಿ ಎಂದರೆ ಮೇಲ್ಮಿತಿ, ಅಷ್ಟೇ. ಬೇಳೆಕಾಳುಗಳಲ್ಲಿ ಈ ಮೇಲ್ಮಿತಿಯನ್ನು ಎಷ್ಟು ಬೇಕಾದರೂ ಎತ್ತರಕ್ಕೆ ಅಚ್ಚು ಹಾಕಬಹುದು. 250 ರೂಪಾಯಿ ಎಂಆರ್‌ಪಿಯ ತೊಗರಿಬೇಳೆ ಪ್ಯಾಕಿಗೆ ಶೇ. 40 ಕಡಿತ ಎಂದು ಕೆಂಪಕ್ಷರದಲ್ಲಿ ತೋರಿಸಿದರೆ ನಾವು ಕೊಡುವುದು 150. ಮಂಗಳೂರು ಬಂದರಿನ ಸಗಟು ಅಂಗಡಿಯಲ್ಲಿ ಅಂಥದ್ದೇ ಬೇಳೆ ಬಿಡಿಯಾಗಿ 135ಕ್ಕೆ ಸಿಗುತ್ತಿರಬಹುದು. ಬಿಲ್ಲಿನ ಕೊನೆಗೆ ‘ನೀವು ಉಳಿಸಿದ್ದು’ ಎಂದು ಬರುವ ಮೊತ್ತವೂ ಎಂಆರ್‌ಪಿಯಿಂದ ಕಳೆದದ್ದೇ. ಅದನ್ನು ನಾನು ರೇಟ್ ಪುಸ್ತಕಕ್ಕೆ ಬರೆಯುವುದಿಲ್ಲ.

ಅಕ್ಕಿಯ ಚೀಲದಲ್ಲೂ ಒಂದು ಲೆಕ್ಕ ಉಂಟು. 18 ಜುಲೈ 2022ರಿಂದ 25 ಕಿಲೋ ವರೆಗಿನ, ಲೇಬಲ್ ಇರುವ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಬಿಡಿ ಅಕ್ಕಿಗೆ ಇಲ್ಲ. ಮಾರುಕಟ್ಟೆಯಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡದ್ದು ಅದರ ಬೆನ್ನಿಗೆ. 5 ಕಿಲೋ ಪ್ಯಾಕಿಗೆ ಸಿಗುವ 20 ರೂಪಾಯಿ ಕೂಪನ್ನಿಗಿಂತ ದೊಡ್ಡ ಚೀಲವೋ ಬಿಡಿ ಅಕ್ಕಿಯೋ ಲಾಭವೇ ಎಂದು ಕಿಲೋ ಲೆಕ್ಕ ಹಾಕಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಕುಚ್ಚಲಕ್ಕಿಯಲ್ಲಿ ಹೊಸತು, ಹಳತು ಎಂಬುದರಿಂದ ಅನ್ನದ ಒದಗುವಿಕೆಯೇ ಬೇರೆಯಾಗುವುದರಿಂದ ಬ್ರ್ಯಾಂಡ್ ಜೊತೆಗೆ ಅದನ್ನೂ ಪುಟದಲ್ಲಿ ಬರೆಯಬೇಕು.

22 ಸೆಪ್ಟೆಂಬರ್ 2025ಕ್ಕೆ ಶಾಂಪೂ, ಟೂತ್‌ಪೇಸ್ಟ್, ಸ್ನಾನದ ಸಾಬೂನು, ತಲೆಗೆ ಹಚ್ಚುವ ಎಣ್ಣೆಯ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 118 ಇದ್ದದ್ದು 105 ಆಗಬೇಕು, ಅಂದರೆ ಶೇ. 11ರಷ್ಟು ಇಳಿಕೆ. ಆ ತಾರೀಕಿಗಿಂತ ಹಿಂದಿನ ಕೆಂಪು ಗೆರೆಗಳನ್ನೆಲ್ಲ ಹೊಡೆದು ಹಾಕಿ ಹೊಸತಾಗಿ ಎಳೆಯದಿದ್ದರೆ ಶೇ. 10ರ ಕೂಪನ್ ದೊಡ್ಡ ಲಾಭದ ಹಾಗೆ ಕಾಣುತ್ತದೆ.

ಈಗ ಕೂಪನ್. ಒಂದು ಕೋಡಿನಲ್ಲಿ ನೋಡಬೇಕಾದದ್ದು ಕನಿಷ್ಠ ಮೊತ್ತ ಮತ್ತು ಗರಿಷ್ಠ ಕಡಿತ. ‘ಶೇ. 20 ಕಡಿತ, ಗರಿಷ್ಠ 75’ ಎಂದರೆ ಅದು ಪೂರ್ತಿ ಕೆಲಸ ಮಾಡುವುದು 375 ರೂಪಾಯಿಯವರೆಗೆ. 1,000 ರೂಪಾಯಿ ಬುಟ್ಟಿಗೆ ಅದೇ ಕೂಪನ್ ಶೇ. 7.5 ಮಾತ್ರ. ಇಂಥ ಕೂಪನ್ನಿಗೆ ಸಣ್ಣ ಆರ್ಡರ್. ‘999ಕ್ಕೆ 100 ಕಡಿತ’ ಎಂಬಂಥದ್ದಕ್ಕೆ 999ರ ಮೇಲೆ ಸ್ವಲ್ಪವೇ ದಾಟಿ ನಿಲ್ಲಬೇಕು. ಬುಟ್ಟಿಯಲ್ಲಿ ಬೇಕಾದ ಸಾಮಾನು 780 ಮಾತ್ರ ಇದ್ದು, ಉಳಿದ 219ಕ್ಕೆ ಬಿಸ್ಕತ್ತು, ಚಿಪ್ಸ್ ತುಂಬಿದರೆ ಕೊಡುವುದು 899. ಅಂದರೆ 119 ರೂಪಾಯಿ ಕೊಟ್ಟು ಬೇಡದ ಸಾಮಾನು ತಂದ ಹಾಗೆ. ಇದಕ್ಕಾಗಿ ಪುಸ್ತಕದ ಕೊನೆ ಪುಟದಲ್ಲಿ ‘ಭರ್ತಿ ಸಾಮಾನು’ ಎಂದು ಒಂದು ಪಟ್ಟಿ ಇರಲಿ: ಹಾಳಾಗದ, ಹೇಗೂ ಬೇಕಾಗುವ, 40ರಿಂದ 120 ರೂಪಾಯಿ ಒಳಗಿನವು. ಟೂತ್‌ಪೇಸ್ಟ್, ಸ್ನಾನದ ಸಾಬೂನು, ಪಾತ್ರೆ ಉಜ್ಜುವ ಸ್ಕ್ರಬ್ಬರ್, ಕಸದ ಚೀಲ. ಕೊರತೆಯಾದ ಮೊತ್ತವನ್ನು ಇವುಗಳಿಂದ ಮಾತ್ರ ತುಂಬುವುದು.

ಬ್ಯಾಂಕ್ ಕಾರ್ಡಿನ ಆಫರ್ ಸಾಮಾನ್ಯವಾಗಿ ಕೂಪನ್ ಕಳೆದ ಮೇಲಿನ ಮೊತ್ತಕ್ಕೆ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ‘1,500ರ ಮೇಲೆ ಶೇ. 10, ಗರಿಷ್ಠ 150’ ಎಂಬ ಕಾರ್ಡ್ ಆಫರ್ ಉಂಟು, ಬುಟ್ಟಿ 1,560 ಉಂಟು, 100ರ ಕೂಪನ್ ಹಾಕಿದ ಕೂಡಲೇ ಮೊತ್ತ 1,460ಕ್ಕೆ ಇಳಿದು ಕಾರ್ಡಿನ ಆಫರ್ ಬಿದ್ದು ಹೋಗುತ್ತದೆ. ಅದಕ್ಕೆ 45 ರೂಪಾಯಿಯ ಒಂದು ಟೂತ್‌ಪೇಸ್ಟ್ ಸೇರಿಸಿದರೆ 1,605ರಲ್ಲಿ 100 ಕಳೆದು 1,505, ಅದರಲ್ಲಿ 150 ಕಳೆದು 1,355. ಒಂದು ಟೂತ್‌ಪೇಸ್ಟ್ ಹೆಚ್ಚು ಬಂದು, 105 ರೂಪಾಯಿ ಕಡಿಮೆ ಹೋಯಿತು. ಯುಪಿಐ ಕ್ಯಾಶ್‌ಬ್ಯಾಕ್ ಸಿಕ್ಕಿದರೆ ಸಿಕ್ಕಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಕ್ರ್ಯಾಚ್ ಕಾರ್ಡಿನಲ್ಲಿ ಬರುವುದು ಹೆಚ್ಚಾಗಿ ಇನ್ಯಾವುದೋ ಅಂಗಡಿಯ ಇನ್ನೊಂದು ಕೂಪನ್. ಕ್ಯಾಶ್‌ಬ್ಯಾಕ್ ಪಡೆಯಲಿಕ್ಕೆ ಪಿನ್ ಒತ್ತಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಬಂದರೆ ಅದು ಕಳ್ಳರದ್ದು. ಹಣ ಬರಲಿಕ್ಕೆ ಯಾವತ್ತೂ ಪಿನ್ ಬೇಡ.

ಬೆಂಗಳೂರಿಗೆ ಇರುವ ಕೂಪನ್ ಎಲ್ಲ ಇಲ್ಲಿಗೆ ಇರುವುದಿಲ್ಲ. 575001 ಆಗಲಿ 576101 ಆಗಲಿ, ಮೊದಲು ಪಿನ್‌ಕೋಡ್ ಹಾಕಿ ಕೂಪನ್ ಪಟ್ಟಿ ನೋಡಿ, ಆಮೇಲೆ ಬುಟ್ಟಿ ತುಂಬಿ. ಉಡುಪಿಯಲ್ಲಿ ಕಾಣದ ಕೋಡ್ ಮಣಿಪಾಲದ 576104ಕ್ಕೆ ಕಾಣುವುದೂ ಉಂಟು. ಜೋರು ಮಳೆಯ ಹೊತ್ತಿಗೆ ಕೆಲವು ಆಪ್‌ಗಳು ಮಳೆ ಶುಲ್ಕ ಸೇರಿಸುತ್ತವೆ. ಜುಲೈಯಲ್ಲಿ ಮಳೆ ಒಮ್ಮೆ ಬಿಟ್ಟ ಹೊತ್ತು ನೋಡಿ ಆರ್ಡರ್ ಹಾಕುವುದು ಒಳ್ಳೆಯದು. ಡೆಲಿವರಿ, ಹ್ಯಾಂಡ್ಲಿಂಗ್ ಶುಲ್ಕ ಸೇರಿ 40 ರೂಪಾಯಿ ಹೋದರೆ 75ರ ಕೂಪನ್ 35ರದ್ದಾಯಿತು. ವಾಪಸ್ ಮಾಡಿದರೂ ಪೂರ್ತಿ ಹಣ ಬರುವುದಿಲ್ಲ: 1,000ಕ್ಕೆ 100 ಕಡಿತ ಪಡೆದ ಬುಟ್ಟಿಯಿಂದ 200ರ ಸಾಮಾನು ಹಿಂದೆ ಕಳಿಸಿದರೆ ಸಾಮಾನ್ಯವಾಗಿ 180 ಬರುತ್ತದೆ, ಕೂಪನ್ನಿನ ಪಾಲು ಕಳೆದು.

ಎಳೆ ಮಕ್ಕಳ ಹಾಲಿನ ಪುಡಿಗೆ ಕೂಪನ್ ಹುಡುಕಿ ಸಮಯ ಕಳೆಯಬೇಡಿ. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲು, ಆಹಾರಕ್ಕೆ ಆಮಿಷದ ಪ್ರಚಾರ ಮಾಡುವುದನ್ನು 1992ರ ಕಾಯ್ದೆ ನಿಷೇಧಿಸಿದೆ. ಕೋಡ್ ಕೆಲಸ ಮಾಡದಿದ್ದರೆ ಅದು ಆಪ್‌ನ ತಪ್ಪಲ್ಲ. ಡೈಪರಿಗೆ ಮಾತ್ರ ಧಾರಾಳ ಸಿಗುತ್ತದೆ.

ಸೂಪರ್ ಮಾರ್ಕೆಟ್ಟಿನ ಆಫರ್ ತಪ್ಪುವುದು ಬಿಲ್ ಕೌಂಟರಿನಲ್ಲಿ. ಶೆಲ್ಫಿನ ಚೀಟಿಯಲ್ಲಿ ‘ಒಂದಕ್ಕೆ ಒಂದು ಉಚಿತ’ ಎಂದಿರುತ್ತದೆ, ಆದರೆ ಅದು 750 ಮಿಲೀ ಬಾಟಲಿಗೆ, ನಾವು ಎತ್ತಿದ್ದು 500 ಮಿಲೀ. ಅಥವಾ ಆದಿತ್ಯವಾರ ಮುಗಿದ ಆಫರಿನ ಚೀಟಿ ಸೋಮವಾರವೂ ಅಲ್ಲೇ ನೇತಾಡುತ್ತಿರುತ್ತದೆ. ಶೆಲ್ಫಿನ ಚೀಟಿಗೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಆಫರಿನ ಸಾಮಾನನ್ನು ಕೌಂಟರಿನಲ್ಲಿ ಮೊದಲು ಇಟ್ಟು, ಪರದೆಯಲ್ಲಿ ದರ ಬೀಳುವುದನ್ನು ನೋಡಬೇಕು. ಹಣ ಕೊಟ್ಟ ಮೇಲೆ ತಿದ್ದಿಸುವುದು ಎರಡು ಪಟ್ಟು ಕೆಲಸ. ಎಂಆರ್‌ಪಿ ಮೇಲೆ ಸ್ಟಿಕರ್ ಕಂಡರೆ ಓದಿ: 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ದರ ಇಳಿಸಲಿಕ್ಕೆ ಸ್ಟಿಕರ್ ಹಚ್ಚಬಹುದು, ಆದರೆ ಹಳೇ ದರವನ್ನು ಅದು ಮುಚ್ಚಬಾರದು. ದರ ಏರಿಸಲಿಕ್ಕೆ ಹಚ್ಚುವ ಹಾಗೇ ಇಲ್ಲ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ಬಿಲ್ಲಿನೊಂದಿಗೆ ದೂರು ಕೊಡಬಹುದು.

ಹಬ್ಬದ ಸಮಯದಲ್ಲಿ ಅಂಗಡಿಯವರು ಖರೀದಿಯ ಜೊತೆ ಸುಮ್ಮನೆ ಕೊಡುವ ಲಕ್ಕಿ ಕೂಪನ್ ಬೇರೆ. ತಿಂಗಳು ತಿಂಗಳು 1,000 ಕಟ್ಟಿ, ಡ್ರಾದಲ್ಲಿ ಕಾರು, ಚಿನ್ನ, ಕೊನೆಗೆ ಪಾತ್ರೆಪಗಡೆ ಎಂದು ನಮ್ಮ ಕಡೆ ಮನೆಮನೆಗೆ ಬರುವ ಲಕ್ಕಿ ಸ್ಕೀಮ್ ಬೇರೆ. ಎರಡನೆಯದಕ್ಕೂ ಕೂಪನ್ ಎಂದೇ ಹೆಸರು. ಅಂಥ ಪ್ರೈಜ್ ಚಿಟ್‌ಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಉಳಿತಾಯದ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಅಗ್ಗಕ್ಕೆ ಸಿಕ್ಕಿತೆಂದು ಎಷ್ಟು ತಂದಿಡುವುದು? ಒಣ ಹವೆಯ ಊರಿನವರು ಹೇಳುವ ಲೆಕ್ಕ ಕರಾವಳಿಗೆ ಬರುವುದಿಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಸಜ್ಜಿಗೆ (ರವೆ), ಮೈದಾ, ಗೋಧಿಹಿಟ್ಟು ಒಂದು ತಿಂಗಳಲ್ಲಿ ಹುಳ ಹಿಡಿಯುತ್ತವೆ. ಹುಳ ಹೊರಗಿಂದ ಬರುವುದಕ್ಕಿಂತ ಪ್ಯಾಕಿನೊಳಗಿನ ಮೊಟ್ಟೆ ಒಡೆದು ಆಗುವುದೇ ಹೆಚ್ಚು. ಹಾಗಾಗಿ ಡಬ್ಬಿ ಎಷ್ಟೇ ಗಾಳಿಯಾಡದ್ದಾದರೂ ಪ್ರಯೋಜನ ಇಲ್ಲ. ತಂದ ದಿನವೇ ಪ್ಯಾಕ್ ಸಮೇತ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಮೊಟ್ಟೆ ಸಾಯುತ್ತದೆ. ತೆಗೆದ ಮೇಲೆ ಪ್ಯಾಕ್ ಒಡೆಯದೆ ಒಂದು ದಿನ ಹೊರಗಿಟ್ಟು, ಮೇಲಿನ ನೀರು ಆರಿದ ಬಳಿಕ ಡಬ್ಬಿಗೆ ಹಾಕಬೇಕು. ತಣ್ಣಗಿರುವಾಗಲೇ ಒಡೆದರೆ ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ. ಫ್ರೀಜರಿನಲ್ಲಿ ಜಾಗ ಇಲ್ಲದಿದ್ದರೆ ಮಳೆಗಾಲದಲ್ಲಿ ಇವಕ್ಕೆ ಕೂಪನ್ ಬೇಡವೇ ಬೇಡ, ಬೇಕಾದಾಗ ಅರ್ಧ ಕಿಲೋ ತಂದರೆ ಸಾಕು.

ಬಟ್ಟೆ ಒಗೆಯುವ ಪುಡಿ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಕಲ್ಲಾಗುತ್ತದೆ. ಅಗ್ಗವೆಂದು 6 ಕಿಲೋ ಚೀಲ ತಂದು ಬಾಯಿ ಬಿಚ್ಚಿದರೆ ಅರ್ಧ ಗಟ್ಟಿಯಾಗಿ ಸುತ್ತಿಗೆ ಬೇಕಾಗುತ್ತದೆ. ಮಳೆಗಾಲಕ್ಕೆ ಲಿಕ್ವಿಡ್ ಅಥವಾ ಬಾರ್ ಸೋಪಿನ ಆಫರ್ ಹಿಡಿಯುವುದು, ಪುಡಿಯಾದರೆ ಒಂದೊಂದು ಕಿಲೋ ಪ್ಯಾಕೇ ಮೂರು. ಉಪ್ಪು, ಬೆಲ್ಲ, ಇನ್‌ಸ್ಟಂಟ್ ಕಾಫಿಪುಡಿ, ಹಪ್ಪಳ, ಸೊಳ್ಳೆ ಬತ್ತಿ, ಬೆಂಕಿಪೆಟ್ಟಿಗೆ ಎಲ್ಲ ಇದೇ ಜಾತಿ. ಸಾಬೂನು, ಟೂತ್‌ಪೇಸ್ಟ್, ಶಾಂಪೂ, ಫಿನಾಯಿಲ್, ಸೊಳ್ಳೆ ಮಷಿನಿನ ರೀಫಿಲ್‌ಗೆ ಮಳೆಯ ಹೆದರಿಕೆ ಇಲ್ಲ. ಪ್ರಮಾಣಕ್ಕೆ ನನ್ನ ಸೂತ್ರ: ತಿಂಗಳ ಬಳಕೆಯನ್ನು ಎರಡು ಆಫರುಗಳ ನಡುವಿನ ತಿಂಗಳುಗಳಿಂದ ಗುಣಿಸಬೇಕು. ರೇಟ್ ಪುಸ್ತಕ ನೋಡಿದರೆ ಈ ಅಂತರ ಹೆಚ್ಚಿನವಕ್ಕೆ ಎರಡು ತಿಂಗಳ ಆಸುಪಾಸು. ತಿಂಗಳಿಗೆ ಒಂದೂವರೆ ಕಿಲೋ ಪುಡಿ ಬೇಕಾದರೆ ಮೂರು ಕಿಲೋ, ಅದಕ್ಕಿಂತ ಹೆಚ್ಚಲ್ಲ. ಬಳಕೆ ಗೊತ್ತಾಗಬೇಕಾದರೆ ಪ್ಯಾಕ್ ಒಡೆದ ತಾರೀಕನ್ನು ಮಾರ್ಕರಿನಲ್ಲಿ ಅದರ ಮೇಲೇ ಬರೆದಿಡುವುದು. ಹೊಸತು ಹಿಂದೆ, ಹಳತು ಮುಂದೆ.

ಕೂಪನ್ ನಡೆಯದ ಸಾಮಾನಿಗೆ ಕಾಲವೇ ಕೂಪನ್. ಒಣ ಮೆಣಸು, ಹುಳಿ (ಹುಣಸೆಹಣ್ಣು) ತರುವುದು ಮಾರ್ಚ್–ಏಪ್ರಿಲಿನಲ್ಲಿ. ಬ್ಯಾಡಗಿಯನ್ನು ಎರಡು ಬಿಸಿಲು ತಾರಸಿಯಲ್ಲಿ ಒಣಗಿಸಿ, ತೊಟ್ಟು ಮುರಿಯುವಾಗ ಪಟ್ಟೆಂದು ಸದ್ದು ಬಂದರೆ ಮಾತ್ರ ಡಬ್ಬಿಗೆ. ಬಗ್ಗಿದರೆ ಇನ್ನೊಂದು ಬಿಸಿಲು ಬೇಕು. ಹುಳಿಯ ಬೀಜ, ನಾರು ತೆಗೆದು ಉಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬುವುದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಹಸಿ ಮೀನಿನ ದರ ಏರುತ್ತದೆ, ಒಣಮೀನಿನದ್ದೂ ಬೆನ್ನಿಗೆ ಏರುತ್ತದೆ. ಮೇ ಎರಡನೇ ವಾರದೊಳಗೆ ಒಣಮೀನು ತಂದು, ಇನ್ನೊಂದು ದಿನ ಬಿಸಿಲಿಗೆ ಹಾಕಿ, ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಆಟಿಯವರೆಗೆ ನಡೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮೊದಲ ಮಳೆಗೇ ಬೆವರಿ ಹಾಳಾಗುತ್ತದೆ.